ಹಾಡಿಗಿಂತ ಮೊದಲು ಬಂದ ಸುದ್ದಿ

ಉರ್ದುವಿನಲ್ಲಿ ಒಂದು ಗಾದೆಯಿದೆ: ‘ದೂರ್ ಕೇ ಢೋಲ್ ಸುಹಾನೇ.’ ದೂರದ ಡೋಲು ಕಿವಿಗೆ ಇಂಪು ಎಂದು ಅದರ ಅರ್ಥ. ಅದೇ ಮಾತನ್ನು ಕನ್ನಡದಲ್ಲಿ ನಾವು ‘ದೂರದ ಬೆಟ್ಟ ನುಣ್ಣಗೆ’ ಎನ್ನುತ್ತೇವೆ. ಕನ್ನಡದ ಗಾದೆ ಕಣ್ಣು ಮೋಸಹೋಗುವುದನ್ನು ಹೇಳಿದರೆ ಉರ್ದುವಿನ ಗಾದೆ ಕಿವಿ ಮೋಸಹೋಗುವುದನ್ನು ಹೇಳುತ್ತದೆ. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನನಗೆ ಕಿವಿಯ ಮೋಸವೇ ಹೆಚ್ಚು ಸೂಕ್ಷ್ಮವಾದದ್ದು ಅನ್ನಿಸುತ್ತದೆ. ಬೆಟ್ಟ ಹತ್ತಿದರೆ ಕಾಲಿಗೆ ಕಲ್ಲು ಚುಚ್ಚಿ ಸತ್ಯ ತಿಳಿಯುತ್ತದೆ. ಆದರೆ ಹಾಡು ಹತ್ತಿರ ಬಂದ ಮೇಲೂ ನಾವು ಕೇಳುತ್ತಿರುವುದು ಹಾಡನ್ನೋ, ಹಾಡಿನ ಬಗ್ಗೆ ಮೊದಲೇ ಕೇಳಿದ್ದ ಸುದ್ದಿಯನ್ನೋ ಎಂಬುದು ನಮಗೇ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ರೇಡಿಯೊ ಇದ್ದದ್ದು ಮಾಮೂ ಅವರ ಕೋಣೆಯಲ್ಲಿ. ‘ಗೀತ್‌ಮಾಲಾ’ ಬರುವ ರಾತ್ರಿ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದೆವು. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾದ ಆ ಕಾರ್ಯಕ್ರಮ ನಮ್ಮ ಕಾಲಕ್ಕೆ ವಿವಿಧ ಭಾರತಿಗೆ ಬಂದಿತ್ತು. ಅಮೀನ್ ಸಯಾನಿಯವರು ಒಂದೊಂದು ಹಾಡನ್ನೂ ಒಂದೊಂದು ‘ಪಾಯ್‌ದಾನ್’ ಮೇಲೆ, ಅಂದರೆ ಮೆಟ್ಟಿಲ ಮೇಲೆ ನಿಲ್ಲಿಸಿ ಪರಿಚಯಿಸುತ್ತಿದ್ದರು. ಒಂದು ಹಾಡು ಹನ್ನೆರಡನೆಯ ಮೆಟ್ಟಿಲಲ್ಲಿದ್ದಾಗ ಮಾಮೂ ಮುಖ ಸಿಂಡರಿಸಿ, “ತಗಡು ಬಡಿದ ಹಾಗಿದೆ” ಎಂದಿದ್ದರು. ಕೆಲವು ವಾರಗಳ ನಂತರ ಅದೇ ಹಾಡು ಎರಡನೆಯ ಮೆಟ್ಟಿಲಿಗೆ ಏರಿತು. ಮಾಮೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು! “ಮಾಮೂ, ಇದನ್ನೇ ಅಲ್ಲವೇ ನೀವು ಬೈದದ್ದು?” ಎಂದು ನಾನು ಕೇಳಿದೆ. “ಆಗ ಸರಿಯಾಗಿ ಕೇಳಿರಲಿಲ್ಲ ಬೇಟಾ” ಎಂದರು.

ಹಾಡು ಬದಲಾಗಿರಲಿಲ್ಲ, ಅದು ನಿಂತಿದ್ದ ಮೆಟ್ಟಿಲು ಬದಲಾಗಿತ್ತು. ಮಾಮೂ ಅವರ ಈ ದೌರ್ಬಲ್ಯ ಒಬ್ಬರದ್ದಲ್ಲ, ಒಂದು ಊರಿನದ್ದೂ ಅಲ್ಲ. ಇಡೀ ದೇಶಗಳೇ ಹೀಗೆ ತಲೆದೂಗಿದ್ದುಂಟು. ಅದನ್ನು ಸ್ಪಷ್ಟವಾಗಿ ಕಾಣಬೇಕಾದರೆ 1997ರಿಂದ 2003ರವರೆಗಿನ ಇಂಗ್ಲೆಂಡ್ ಮತ್ತು ಅಮೆರಿಕದ ರಾಕ್ ಸಂಗೀತದ ಕಡೆ ನೋಡಬೇಕು. ಪ್ರಚಾರದ ಅಬ್ಬರ ಮುಗಿಲು ಮುಟ್ಟಿದ್ದು, ಬಿಡುಗಡೆಗೆ ಮೊದಲೇ ಆಲ್ಬಮ್‌ಗಳು ಇಂಟರ್ನೆಟ್‌ನಲ್ಲಿ ಸೋರತೊಡಗಿದ್ದು ಎರಡೂ ಆ ಆರು ವರ್ಷಗಳಲ್ಲೇ.

ಮ್ಯಾಂಚೆಸ್ಟರಿನ ಓಯಸಿಸ್ ತಂಡ ಅಣ್ಣ ತಮ್ಮಂದಿರಾದ ನೋಯಲ್ ಮತ್ತು ಲಿಯಮ್ ಗ್ಯಾಲಗರ್ ಅವರ ತಂಡ. 1995ರಲ್ಲಿ ಅದರ ಎರಡನೆಯ ಆಲ್ಬಮ್ ಬಂದಾಗ ಬ್ರಿಟನ್ನಿನ ಹಲವು ವಿಮರ್ಶಕರು ಅದನ್ನು ಸಾಧಾರಣವೆಂದು ತಳ್ಳಿಹಾಕಿದರು. ಜನ ಕೇಳಲಿಲ್ಲ. ಅದು ಕೋಟಿಗೂ ಮಿಕ್ಕಿ ಮಾರಾಟವಾಯಿತು. 1996ರ ಆಗಸ್ಟ್‌ನಲ್ಲಿ ನೆಬ್‌ವರ್ತ್ ಎಂಬಲ್ಲಿ ಎರಡು ರಾತ್ರಿ ನಡೆದ ಕಛೇರಿಗೆ ಎರಡೂವರೆ ಲಕ್ಷ ಜನ ಸೇರಿದರು. ಟಿಕೆಟ್ಟಿಗಾಗಿ ಪ್ರಯತ್ನಿಸಿದವರ ಸಂಖ್ಯೆ 25 ಲಕ್ಷವನ್ನು ದಾಟಿತ್ತು. ವಿಮರ್ಶಕರು ತಲೆ ತಗ್ಗಿಸುವಂತಾಯಿತು.

ಹೀಗಿರುವಾಗ 1997ರ ಆಗಸ್ಟ್ 21ರಂದು ಮೂರನೆಯ ಆಲ್ಬಮ್ ‘ಬಿ ಹಿಯರ್ ನೌ’ ಬಂದಿತು. ಅದನ್ನು ಕಾಯಲು ತಂಡದ ವ್ಯವಸ್ಥಾಪಕರು ತೆಗೆದುಕೊಂಡ ಎಚ್ಚರಿಕೆ ಖಜಾನೆ ಕಾಯುವವರನ್ನು ನೆನಪಿಸುವಂತಿತ್ತು. ಹಾಡುಗಳ ಬಗ್ಗೆ ಯಾರೊಂದಿಗೂ ಮಾತನಾಡುವುದಿಲ್ಲ ಎಂದು ಪತ್ರಕರ್ತರು ಕರಾರಿಗೆ ಸಹಿ ಹಾಕಬೇಕಿತ್ತು. ಬಿಬಿಸಿ ರೇಡಿಯೊಗೆ ಮೂರು ಹಾಡುಗಳನ್ನು ಮುಂಚಿತವಾಗಿ ಕೊಟ್ಟರೂ, ಮನೆಗಳಲ್ಲಿ ಯಾರೂ ಟೇಪು ಮಾಡಿಕೊಳ್ಳಬಾರದೆಂದು ಹಾಡಿನ ನಡುವೆ ನಿರೂಪಕ ಮಾತನಾಡುತ್ತಿರಬೇಕೆಂಬ ಷರತ್ತು ಹಾಕಿದರು. ಅಡಗಿಸಿದಷ್ಟೂ ಹಸಿವು ಹೆಚ್ಚಿತು. ಬಿಡುಗಡೆಯಾದ ಮೂರೇ ದಿನಗಳಲ್ಲಿ ಬ್ರಿಟನ್ ಒಂದರಲ್ಲೇ 6 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

ಇನ್ನು ವಿಮರ್ಶೆಗಳು! ಹಿಂದಿನ ಬಾರಿ ಎಡವಿದ್ದ ವಿಮರ್ಶಕರು ಈ ಸಲ ಹೊಗಳಿಕೆಯ ಮಳೆಯನ್ನೇ ಸುರಿಸಿದರು. ಅವರಲ್ಲಿ ಹಲವರು ಬರೆದದ್ದು ಈ ಆಲ್ಬಮ್ಮಿನ ವಿಮರ್ಶೆಯಲ್ಲ, 1995ರ ತಮ್ಮ ತಪ್ಪಿನ ಪ್ರಾಯಶ್ಚಿತ್ತ. ಒಂದೆರಡು ವರ್ಷಗಳಲ್ಲಿ ಗಾಳಿ ತಿರುಗಿತು. ಹಾಡುಗಳು ಅನಗತ್ಯವಾಗಿ ಉದ್ದವಾಗಿವೆ, ಗಿಟಾರಿನ ಮೇಲೆ ಗಿಟಾರು ಪೇರಿಸಿ ರಾಗವನ್ನೇ ಹೂತುಹಾಕಲಾಗಿದೆ ಎಂಬ ಮಾತು ಎಲ್ಲೆಡೆ ಕೇಳಿಬಂತು. ಹಾಡು ಬರೆದ ನೋಯಲ್ ತಾನೇ ಅದನ್ನು ಬಹಿರಂಗವಾಗಿ ಹಳಿದ. ಮನೆಮನೆಯಲ್ಲಿ ಕೊಂಡಿದ್ದ ಆ ಡಿಸ್ಕುಗಳು ಹಳೆ ಸಾಮಾನಿನ ಅಂಗಡಿಗಳಲ್ಲಿ ಸಾಲುಗಟ್ಟಿ ಕೂತವು.

ಇಲ್ಲಿ ಓದುಗರು ಒಂದನ್ನು ಗಮನಿಸಬೇಕು. ಆ ಆಲ್ಬಮ್ ಮೊದಲು ಹೊಗಳಿದಷ್ಟು ದೊಡ್ಡದಾಗಿರಲಿಲ್ಲ, ನಿಜ. ಆದರೆ ಆಮೇಲೆ ಹಳಿದಷ್ಟು ಕೆಟ್ಟದ್ದೂ ಆಗಿರಲಿಲ್ಲ. ಡಂಗುರ ಬಡಿಸಿಕೊಂಡು ಬಂದ ಕೃತಿ ಎರಡು ಬಾರಿ ಅನ್ಯಾಯಕ್ಕೆ ಒಳಗಾಗುತ್ತದೆ. ಮೊದಲು ಅದರ ಯೋಗ್ಯತೆಗೆ ಮೀರಿದ ಹೊಗಳಿಕೆ, ಆಮೇಲೆ ಆ ಹೊಗಳಿಕೆಯ ಸಾಲವನ್ನು ಬಡ್ಡಿ ಸಮೇತ ವಸೂಲಿ ಮಾಡುವ ತೆಗಳಿಕೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಖಜಾನೆಯ ಗೋಡೆಯೇ ಬಿದ್ದುಹೋಯಿತು. 1999ರ ಜೂನ್‌ನಲ್ಲಿ ಶಾನ್ ಫ್ಯಾನಿಂಗ್ ಎಂಬ 18 ವರ್ಷದ ಅಮೆರಿಕನ್ ಹುಡುಗ ‘ನ್ಯಾಪ್‌ಸ್ಟರ್’ ಎಂಬ ವ್ಯವಸ್ಥೆಯನ್ನು ಹೊರತಂದ. ಒಬ್ಬನ ಕಂಪ್ಯೂಟರಿನಲ್ಲಿರುವ ಹಾಡನ್ನು ಇನ್ನೊಬ್ಬ ನೇರವಾಗಿ ಇಳಿಸಿಕೊಳ್ಳಬಹುದಿತ್ತು. ಹಣ ಕೊಡಬೇಕಿರಲಿಲ್ಲ. ಸ್ಟುಡಿಯೊದಿಂದಲೋ ಕಾರ್ಖಾನೆಯಿಂದಲೋ ಒಂದು ಪ್ರತಿ ಹೊರಬಿದ್ದರೆ ಸಾಕು, ಅದು ಜಗತ್ತಿಗೆಲ್ಲ ಹಂಚಿಹೋಗುತ್ತಿತ್ತು. ಇನ್ನೂ ಬಿಡುಗಡೆಯಾಗದ ತನ್ನ ಹಾಡು ಹೀಗೆ ಹೊರಬಿದ್ದುದನ್ನು ಕಂಡು ಮೆಟಾಲಿಕಾ ತಂಡ 2000ದ ಏಪ್ರಿಲ್‌ನಲ್ಲಿ ನ್ಯಾಪ್‌ಸ್ಟರ್ ಮೇಲೆ ಮೊಕದ್ದಮೆ ಹೂಡಿತು. 2001ರ ಜುಲೈನಲ್ಲಿ ನ್ಯಾಪ್‌ಸ್ಟರ್ ನಿಂತಿತು. ಆದರೆ ಅಷ್ಟರಲ್ಲಿ ಜನರಿಗೆ ದಾರಿ ಗೊತ್ತಾಗಿಹೋಗಿತ್ತು.

ಈ ಹೊಸ ದಾರಿಯ ದೊಡ್ಡ ಪರೀಕ್ಷೆ ಎದುರಿಸಿದ್ದು ಆಕ್ಸ್‌ಫರ್ಡ್ ಕಡೆಯ ರೇಡಿಯೊಹೆಡ್ ತಂಡ. 2000ದ ಬೇಸಿಗೆಯಲ್ಲಿ ಅವರು ಬಾರ್ಸಿಲೋನಾದಲ್ಲಿ ಹೊಸ ಹಾಡುಗಳನ್ನು ಹಾಡಿದರು. ಮಾರನೆಯ ದಿನವೇ ಆ ಕಛೇರಿ ನ್ಯಾಪ್‌ಸ್ಟರ್‌ನಲ್ಲಿತ್ತು. ಕೆಲವೇ ವಾರಗಳಲ್ಲಿ ಇಸ್ರೇಲಿನಲ್ಲಿ ಹಾಡಲು ನಿಂತಾಗ, ಇನ್ನೂ ಎಲ್ಲೂ ಮಾರಾಟಕ್ಕೆ ಬಾರದ ಹಾಡುಗಳ ಸಾಹಿತ್ಯ ಸಭಿಕರಿಗೆ ಬಾಯಿಪಾಠವಾಗಿತ್ತು! ತಂಡದ ಕಾಲಿನ್ ಗ್ರೀನ್‌ವುಡ್ ಇದನ್ನು ದೂರಾಗಿ ಅಲ್ಲ, ಸಂತೋಷವಾಗಿ ಹೇಳಿಕೊಂಡರು.

ಆ ಹಾಡುಗಳಿದ್ದ ‘ಕಿಡ್ ಎ’ ಆಲ್ಬಮ್ 2000ದ ಅಕ್ಟೋಬರ್ 2ರಂದು ಬಂದಿತು. ಬಿಡುಗಡೆಗೆ ಸುಮಾರು ಮೂರು ವಾರ ಮೊದಲೇ ಇಡೀ ಆಲ್ಬಮ್ ಸೋರಿಹೋಗಿತ್ತು. ತಂಡ ಮುಂಚಿತವಾಗಿ ಬಿಡಿ ಹಾಡು ಬಿಟ್ಟಿರಲಿಲ್ಲ, ವಾಡಿಕೆಯ ವಿಡಿಯೊ ಮಾಡಿರಲಿಲ್ಲ. ಗಿಟಾರು ಹಿಂದೆ ಸರಿದು ವಿದ್ಯುನ್ಮಾನ ವಾದ್ಯಗಳ ವಿಚಿತ್ರ ದನಿಗಳು ಮುಂದೆ ಬಂದಿದ್ದವು. ಇಷ್ಟೆಲ್ಲ ಆದ ಮೇಲೆ ಮಾರಾಟ ನೆಲಕಚ್ಚುತ್ತದೆಂದು ನಿರೀಕ್ಷಿಸಿದವರಿದ್ದರು. ಆದರೆ ಮೊದಲ ವಾರವೇ ಅಮೆರಿಕದಲ್ಲಿ 2 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದಕ್ಕೆ ಮೊದಲು ಆ ತಂಡ ಅಲ್ಲಿ ಮೊದಲ ಇಪ್ಪತ್ತರೊಳಗೂ ಬಂದಿರಲಿಲ್ಲ.

ಇದು ಸೋರಿಕೆಯ ಫಲವೇ ಎಂದು ತಕ್ಕಡಿಯಲ್ಲಿ ತೂಗಿ ಹೇಳಲಾಗದು. ಆದರೆ ಅಭಿಪ್ರಾಯದ ವಿಷಯದಲ್ಲಿ ಒಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ಓಯಸಿಸ್ ಕೇಳುಗ ವಿಮರ್ಶೆ ಓದಿ ಆಮೇಲೆ ಹಾಡು ಕೇಳಿದ. ರೇಡಿಯೊಹೆಡ್ ಕೇಳುಗ ಹಾಡನ್ನು ಹತ್ತು ಬಾರಿ ಕೇಳಿ ಆಮೇಲೆ ವಿಮರ್ಶೆ ಓದಿದ. ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ದಿನವಿಡೀ ದುಡಿದು ಮನೆಗೆ ಬಂದವನಿಗೆ ಇಷ್ಟೊಂದು ತಾಳ್ಮೆ ಬೇಡುವ ಸಂಗೀತವೇಕೆ ಎಂಬ ಧಾಟಿಯಲ್ಲಿ ಕಾದಂಬರಿಕಾರ ನಿಕ್ ಹಾರ್ನ್‌ಬಿ ‘ನ್ಯೂಯಾರ್ಕರ್’ನಲ್ಲಿ ಬರೆದರು. ಆ ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ದಶಕ ಮುಗಿದಾಗ ‘ರೋಲಿಂಗ್ ಸ್ಟೋನ್’ ಮತ್ತು ‘ಪಿಚ್‌ಫೋರ್ಕ್’ ಎರಡೂ ಇದನ್ನೇ ಆ ದಶಕದ ಅತ್ಯುತ್ತಮ ಆಲ್ಬಮ್ ಎಂದು ಹೆಸರಿಸಿದವು.

ಸೋರಿಕೆ ಒಂದು ಕೃತಿಯನ್ನು ಉಳಿಸಿದ ಕಥೆಯೂ ಇದೆ. ಶಿಕಾಗೊದ ವಿಲ್ಕೊ ತಂಡ 2001ರಲ್ಲಿ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಮುಗಿಸಿದಾಗ ಅದರ ಕಂಪನಿ ರಿಪ್ರೈಸ್, ಇದು ಮಾರಾಟವಾಗದೆಂದು ಕೈಬಿಟ್ಟಿತು. ತಂಡ ಮೂಲ ಧ್ವನಿಮುದ್ರಣದೊಂದಿಗೆ ಹೊರಬಂತು. ಹಾಡುಗಳು ಆಗಲೇ ಕಳ್ಳದಾರಿಯಲ್ಲಿ ಓಡಾಡುತ್ತಿದ್ದವು. ಕಳ್ಳರ ಬೆನ್ನು ಹತ್ತುವ ಬದಲು ತಂಡ 2001ರ ಸೆಪ್ಟೆಂಬರ್ 18ರಂದು ಇಡೀ ಆಲ್ಬಮ್ಮನ್ನು ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಕೇಳಲು ಬಿಟ್ಟಿತು. ಕೊನೆಗೆ ನಾನ್‌ಸಚ್ ಎಂಬ ಕಂಪನಿ ಅದನ್ನು ಕೊಂಡು 2002ರ ಏಪ್ರಿಲ್ 23ರಂದು ಹೊರತಂದಿತು. ತಮಾಷೆಯೆಂದರೆ ಬೇಡವೆಂದ ಕಂಪನಿ, ಕೊಂಡ ಕಂಪನಿ ಎರಡೂ ಒಂದೇ ಎಒಎಲ್ ಟೈಮ್ ವಾರ್ನರ್ ಸಂಸ್ಥೆಯವು. ಏಳು ತಿಂಗಳು ಉಚಿತವಾಗಿ ಸಿಕ್ಕಿದ್ದ ಆಲ್ಬಮ್ ಮೊದಲ ವಾರವೇ 55 ಸಾವಿರ ಪ್ರತಿ ಮಾರಾಟವಾಗಿ, ಅಮೆರಿಕದ ಪಟ್ಟಿಯಲ್ಲಿ 13ನೆಯ ಸ್ಥಾನ ಪಡೆಯಿತು.

ಈ ಆಲ್ಬಮ್ಮಿಗೆ ಇನ್ನೊಂದು ನೆರಳೂ ಅಂಟಿಕೊಂಡಿದೆ. ಮೊದಲು ಗೊತ್ತುಮಾಡಿದ್ದ ಬಿಡುಗಡೆಯ ದಿನ 2001ರ ಸೆಪ್ಟೆಂಬರ್ 11. ಅದರ ಮುಖಪುಟದಲ್ಲಿರುವುದು ಶಿಕಾಗೊದ ಎರಡು ಗೋಪುರ ಕಟ್ಟಡಗಳು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಒಂದು ವಾರವಾಗಿದ್ದ ಕೇಳುಗರು, ಅದಕ್ಕೂ ಮೊದಲೇ ಹಾಡಿ ಮುಗಿಸಿದ್ದ ಹಾಡುಗಳಲ್ಲಿ ಆ ದುರಂತದ ದನಿಯನ್ನೇ ಕೇಳಿದರು. ಇದಕ್ಕೆ ಯಾವ ಪ್ರಚಾರಕರೂ ಕಾರಣರಲ್ಲ. ಕೆಲವೊಮ್ಮೆ ಕಾಲವೇ ಡಂಗುರ ಬಾರಿಸುತ್ತದೆ.

ಹಾಗೆಂದು ಸೋರಿಕೆಗೆ ಜೈಕಾರ ಹಾಕುವಂತಿಲ್ಲ. 2003ರ ಮಾರ್ಚ್ ಕೊನೆಯಲ್ಲಿ ರೇಡಿಯೊಹೆಡ್ ತಂಡದ ‘ಹೇಲ್ ಟು ದ ಥೀಫ್’ ಆಲ್ಬಮ್ ಬಿಡುಗಡೆಗೆ ಹತ್ತು ವಾರ ಮೊದಲೇ ಹೊರಬಿತ್ತು. ಹೆಸರಿನಲ್ಲೇ ಕಳ್ಳನಿಗೆ ಜಯಕಾರವಿತ್ತು! ಆದರೆ ಈ ಸಲ ಸೋರಿದ್ದು ಸಿದ್ಧ ಕೃತಿಯಲ್ಲ. ಜನವರಿಯ ಹಸಿ ಕರಡುಗಳು, ದನಿಗಳನ್ನು ಹದವಾಗಿ ಬೆರೆಸುವ ಕೆಲಸವೇ ಮುಗಿಯದವು. ಜಾನಿ ಗ್ರೀನ್‌ವುಡ್ ಅವರಿಗೆ ಇಳಿಸಿಕೊಂಡ ಅಭಿಮಾನಿಗಳ ಮೇಲೆ ಕೋಪವಿರಲಿಲ್ಲ. ಅರೆಬೆಂದದ್ದು ಹೊರಗೆ ಹೋಯಿತಲ್ಲ ಎಂಬುದೇ ಅವರ ಸಂಕಟವಾಗಿತ್ತು. ಕಥೆ ಬರೆಯುವ ನನಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ನಾನು ಹೊಡೆದುಹಾಕಬೇಕೆಂದಿದ್ದ ಸಾಲನ್ನೇ ಹಿಡಿದು ಯಾರೋ ನನ್ನನ್ನು ಅಳೆದರೆ, ತಿದ್ದಿದ ಪ್ರತಿ ಬಂದಾಗ “ಮೊದಲಿನದೇ ಚೆನ್ನಾಗಿತ್ತು” ಎಂದರೆ, ನಾನು ಯಾರ ಮುಂದೆ ನ್ಯಾಯ ಕೇಳಲಿ? ಮೊದಲು ಕಿವಿಗೆ ಬಿದ್ದದ್ದೇ ಮೂಲವೆನ್ನಿಸುವುದು ಮನುಷ್ಯನ ಸ್ವಭಾವ.

ಮಾಮೂ ಅವರ ತಲೆದೂಗುವಿಕೆಯನ್ನು ವಿಜ್ಞಾನಿಗಳೂ ಅಳೆದಿದ್ದಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಹಾಡಿನ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಗುಂಪುಗಳಾಗಿ ಬೇರ್ಪಡಿಸಿ, ತಮ್ಮ ಗುಂಪಿನಲ್ಲಿ ಎಷ್ಟು ಮಂದಿ ಯಾವ ಹಾಡನ್ನು ಇಳಿಸಿಕೊಂಡಿದ್ದಾರೆಂದು ತೋರಿಸಿದರು. ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ಕೆಳಗುಳಿಯಿತು. ಅತ್ಯುತ್ತಮವಾದವು ಪೂರ್ತಿ ಸೋತದ್ದು ಅಪರೂಪ, ತೀರಾ ಕೆಟ್ಟವು ಗೆದ್ದದ್ದೂ ಅಪರೂಪ. ನಡುವಿನ ಹಾಡುಗಳ ಗತಿ ಮಾತ್ರ ಹೀಗೇ ಎಂದು ಹೇಳುವಂತಿರಲಿಲ್ಲ. 2008ರಲ್ಲಿ ಸಾಲ್ಗಾನಿಕ್ ಮತ್ತು ವಾಟ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಪಟ್ಟಿಯನ್ನೇ ತಲೆಕೆಳಗು ಮಾಡಿ ತೋರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಹೆಚ್ಚಿನ ಹಾಡುಗಳಿಗೆ ಸುಳ್ಳು ಜನಪ್ರಿಯತೆಯೇ ನಿಜವಾಯಿತು. ನಿಜಕ್ಕೂ ಒಳ್ಳೆಯ ಕೆಲವು ಹಾಡುಗಳು ಮಾತ್ರ ನಿಧಾನವಾಗಿ ಮೇಲೆದ್ದು ಬಂದವು.

ಆ ‘ನಿಧಾನವಾಗಿ’ ಎಂಬ ಪದದಲ್ಲೇ ಎಲ್ಲವೂ ಇದೆ. ಕಂಪನಿಗಳು ಆಮೇಲೆ ಬೇರೆ ಬೇರೆ ಉಪಾಯ ಹೂಡಿದವು. 2013ರ ಡಿಸೆಂಬರ್ 13ರಂದು ಗಾಯಕಿ ಬಿಯಾನ್ಸೆ ಯಾವ ಮುನ್ಸೂಚನೆಯೂ ಇಲ್ಲದೆ ಇಡೀ ಆಲ್ಬಮ್ಮನ್ನು ಬಿಟ್ಟಾಗ ಮೂರು ದಿನಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಪ್ರಚಾರ ಮಾಡದಿರುವುದೇ ಪ್ರಚಾರವಾಯಿತು. 2015ರ ಜುಲೈನಿಂದ ಹೊಸ ಆಲ್ಬಮ್‌ಗಳಿಗೆ ಜಗತ್ತಿನಾದ್ಯಂತ ಶುಕ್ರವಾರವೇ ಬಿಡುಗಡೆಯ ದಿನವೆಂದು ಗೊತ್ತುಮಾಡಿದರು. ಆದರೆ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಹಾಡು ಸಿಗುವಂತಾದಾಗ ಅವಸರ ಕಡಿಮೆಯಾಗಲಿಲ್ಲ, ಹೆಚ್ಚಿತು. ಒಮ್ಮೆ ಕೇಳಿ ಮುಗಿಯುವ ಮೊದಲೇ ತೀರ್ಪು ಹೊರಬೀಳುತ್ತದೆ.

ಇದರಿಂದ ನಷ್ಟ ಯಾರಿಗೆ? ಓಯಸಿಸ್‌ನಂಥವರು ಹೇಗೋ ಬದುಕಿಕೊಳ್ಳುತ್ತಾರೆ. ನಷ್ಟವಾಗುವುದು ಆ ಪ್ರಯೋಗದ ನಡುವಿನ ಹಾಡುಗಳಿಗೆ. ಡಂಗುರ ಬಾರಿಸುವವರಿಲ್ಲದ, ಕದಿಯಲೂ ಯಾರೂ ಬಾರದ ಹೊಸಬರ ಹಾಡುಗಳಿಗೆ. ಅವುಗಳಿಗಾಗಿ ಯಾವ ಮೆಟ್ಟಿಲೂ ಕಾದಿರುವುದಿಲ್ಲ. ಅವು ಬದುಕಬೇಕಾದರೆ ಯಾರೋ ಒಬ್ಬರು, ಬೇರೆಯವರು ಏನೆಂದರು ಎಂದು ಕೇಳದೆ, ಎರಡನೆಯ ಬಾರಿ ಕಿವಿಗೊಡಬೇಕು.

ಮಾಮೂ ಈಗಿಲ್ಲ. ಅವರ ಮಾತನ್ನು ನಾನು ಬಹಳ ವರ್ಷ ನೆಪವೆಂದೇ ತಿಳಿದು ನಗುತ್ತಿದ್ದೆ. ಈಗ ಅನ್ನಿಸುತ್ತದೆ, ಅದರಲ್ಲಿ ಅರ್ಧ ನೆಪ, ಅರ್ಧ ಸತ್ಯ. ಮೆಟ್ಟಿಲು ನೋಡಿ ಮನಸ್ಸು ಬದಲಿಸಿದ್ದು ನಿಜ. ಆದರೆ ಕೆಲವು ವಾರ ಬಿಟ್ಟು ಅದೇ ಹಾಡನ್ನು ಮತ್ತೆ ಕೇಳಲು ಕೂತರಲ್ಲ, ಅದೂ ನಿಜ. “ಆಗ ಸರಿಯಾಗಿ ಕೇಳಿರಲಿಲ್ಲ ಬೇಟಾ” ಎಂದು ಒಪ್ಪಿಕೊಳ್ಳುವಷ್ಟು ವಿನಯ ನಮ್ಮಲ್ಲಿ ಎಷ್ಟು ಜನರಿಗಿದೆ?