ಹೊರಗಿನ ಅಲಾಯ್ ಚಕ್ರದ ಕಾರಿಗೆ ಹೊಸ ಟೈರು: ಆಯ್ಕೆ ಹೇಗೆ?

ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಿಂದ ಹೊರಟ ಕಾರು ಒಂದೇ ದಿನದಲ್ಲಿ ಹಲವು ಬಗೆಯ ರಸ್ತೆಗಳನ್ನು ಕಾಣಬಹುದು. ಗ್ರಾಮೀಣ ರಸ್ತೆಯ ಗುಂಡಿ, ಉಬ್ಬುಗಳನ್ನು ದಾಟಿ ಹಾಸನ ಇಲ್ಲವೇ ಚನ್ನರಾಯಪಟ್ಟಣ ಸೇರಿದರೆ ರಾಷ್ಟ್ರೀಯ ಹೆದ್ದಾರಿ 75ರ ವೇಗ. ಹಾಸನದಿಂದ ಪಶ್ಚಿಮಕ್ಕೆ ಸಾಗಿದರೆ ಶಿರಾಡಿ ಘಾಟಿಯ ಮಳೆ ಮತ್ತು ತಿರುವುಗಳು. ಇಷ್ಟನ್ನೂ ತಾಳಿಕೊಳ್ಳಬೇಕಾದುದು ನೆಲಕ್ಕೆ ತಾಗಿರುವ, ಅಂಗೈಯಗಲದ ನಾಲ್ಕು ರಬ್ಬರಿನ ತುಣುಕುಗಳು.

ಕಂಪನಿ ಕೊಟ್ಟ ಚಕ್ರಗಳೇ ಇದ್ದರೆ ಟೈರು ಬದಲಿಸುವುದು ಸುಲಭ. ಬಾಗಿಲ ಬಳಿಯ ಚೀಟಿ ಅಥವಾ ಕೈಪಿಡಿಯಲ್ಲಿರುವ ಅಳತೆಯನ್ನು ಕೇಳಿ ಪಡೆದರಾಯಿತು. ಹೊರಗಿನಿಂದ ಅಲಾಯ್ ಚಕ್ರ ಹಾಕಿಸಿದ ಕಾರಿಗೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಕಾರಿಗೆ, ಈ ದಾರಿ ಸಾಲದು. ಕೈಪಿಡಿಯ ಟೈರು ದೊಡ್ಡ ಚಕ್ರಕ್ಕೆ ಕೂರುವುದಿಲ್ಲ. ಈಗಿರುವ ಟೈರಿನ ಅಳತೆಯನ್ನು ನಕಲು ಮಾಡಿದರೆ ಹಿಂದಿನವರ ತಪ್ಪೂ ನಕಲಾಗಬಹುದು. ಆದ್ದರಿಂದ ಒಳವ್ಯಾಸ ಮತ್ತು ಅಗಲಕ್ಕೆ ಈಗಿನ ಚಕ್ರವನ್ನೂ, ಹೊರವ್ಯಾಸ ಮತ್ತು ಭಾರಕ್ಕೆ ಕಾರಿನ ಮೂಲ ಟೈರನ್ನೂ ಆಧಾರವಾಗಿ ಇಟ್ಟುಕೊಳ್ಳಬೇಕು.

ಅಳತೆ ಓದುವ ಬಗೆ

ಟೈರಿನ ಪಕ್ಕದಲ್ಲಿ 185/65 ಆರ್15 88ಎಚ್ ಎಂದಿದ್ದರೆ ಅಗಲ 185 ಮಿ.ಮೀ., ಪಕ್ಕಗೋಡೆಯ ಎತ್ತರ ಅಗಲದ ಶೇ 65, ಅಂದರೆ ಸುಮಾರು 120 ಮಿ.ಮೀ. 'ಆರ್' ಎಂದರೆ ರೇಡಿಯಲ್. 15 ಎಂಬುದು ಚಕ್ರದ ವ್ಯಾಸ, ಇಂಚುಗಳಲ್ಲಿ. 88 ಭಾರದ ಸೂಚಿ: ಒಂದು ಟೈರು 560 ಕೆ.ಜಿ. ಹೊರಬಲ್ಲದು. 'ಎಚ್' ವೇಗದ ಸೂಚಿ: ಗಂಟೆಗೆ 210 ಕಿ.ಮೀ.ವರೆಗೆ.

ಮಾರುತಿ ಸ್ವಿಫ್ಟ್ ಕಾರಿನ ಉದಾಹರಣೆ ನೋಡಬಹುದು. ಇದರ ಕೆಳದರ್ಜೆಯ ಮಾದರಿಗಳು 165/80 ಆರ್14, ಮೇಲ್ದರ್ಜೆಯವು 185/65 ಆರ್15 ಟೈರಿನೊಂದಿಗೆ ಬಂದಿವೆ. ಮೊದಲನೆಯದರ ಹೊರವ್ಯಾಸ ಸುಮಾರು 620 ಮಿ.ಮೀ., ಎರಡನೆಯದರದು ಸುಮಾರು 622 ಮಿ.ಮೀ. ಚಕ್ರ ಒಂದು ಇಂಚು ದೊಡ್ಡದಾದಾಗ ಪಕ್ಕಗೋಡೆ ತಗ್ಗಿ ಹೊರವ್ಯಾಸ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. 16 ಇಂಚಿನ ಚಕ್ರಕ್ಕೆ 195/55 ಆರ್16 ಹಾಕಿದರೆ 621 ಮಿ.ಮೀ. ದೊರೆಯುತ್ತದೆ. ಆದರೆ 185/65 ಆರ್16 ಹಾಕಿದರೆ 647 ಮಿ.ಮೀ. ಆಗುತ್ತದೆ, ಇದು ಶೇ 4ರಷ್ಟು ಹೆಚ್ಚು. ಆಗ ಸ್ಪೀಡೋಮೀಟರಿನ ಮುಳ್ಳು ಅದೇ ಜಾಗದಲ್ಲಿದ್ದರೂ ಕಾರು ಮೊದಲಿಗಿಂತ ಶೇ 4ರಷ್ಟು ವೇಗವಾಗಿ ಓಡುತ್ತಿರುತ್ತದೆ. ಐದು ಜನ ಕುಳಿತು ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿನ ಒಳಭಾಗಕ್ಕೆ ಉಜ್ಜಲೂಬಹುದು. ಮೂಲ ವ್ಯಾಸಕ್ಕಿಂತ ಶೇ 2ರಿಂದ 3ಕ್ಕಿಂತ ಹೆಚ್ಚಿನ ಅಂತರ ಬೇಡ.

ಭಾರದ ಸೂಚಿ ಮರೆಯಬಾರದು

ಅಂಗಡಿಯಲ್ಲಿ ಹೆಚ್ಚಾಗಿ ಕೈತಪ್ಪುವ ಸಂಗತಿ ಇದು. 17 ಇಂಚಿನ ಚಕ್ರಕ್ಕೆ 205/45 ಆರ್17 ಟೈರು ವ್ಯಾಸದ ಲೆಕ್ಕದಲ್ಲಿ ಸರಿಹೊಂದುತ್ತದೆ. ಆದರೆ ಇದರ ಸಾಧಾರಣ ಮಾದರಿಯ ಭಾರದ ಸೂಚಿ 84, ಅಂದರೆ 500 ಕೆ.ಜಿ. ಮೂಲ ಟೈರಿನ ಸೂಚಿ 88 ಇದ್ದ ಕಾರಿಗೆ ಪ್ರತಿ ಟೈರಿನಲ್ಲಿ 60 ಕೆ.ಜಿ. ಸಾಮರ್ಥ್ಯ ಕಡಿಮೆಯಾಯಿತು. ಟೈರು ಅಗಲವಾಗಿ ಕಂಡ ಮಾತ್ರಕ್ಕೆ ಬಲಿಷ್ಠವಲ್ಲ. ಇದೇ ಅಳತೆಯಲ್ಲಿ 88 ಸೂಚಿಯ 'ಎಕ್ಸ್‌ಎಲ್' ಮಾದರಿಯೂ ಉಂಟು. ಅದಕ್ಕೆ ಗಾಳಿಯ ಒತ್ತಡ ಹೆಚ್ಚು ಬೇಕು. ಭಾರದ ಸೂಚಿ, ವೇಗದ ಸೂಚಿಗಳೆರಡೂ ಮೂಲ ಟೈರಿನಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು.

ಪಕ್ಕಗೋಡೆಯ ಎತ್ತರವೂ ಮುಖ್ಯ. 165/80 ಟೈರಿನಲ್ಲಿ ಅದು 132 ಮಿ.ಮೀ. ಇದ್ದರೆ 205/45ರಲ್ಲಿ 92 ಮಿ.ಮೀ. ಮಾತ್ರ. ಗುಂಡಿಗೆ ಬಿದ್ದಾಗ ಏಟನ್ನು ನುಂಗುವುದು ಈ ಪಕ್ಕಗೋಡೆಯೇ. ಅದು ತಗ್ಗಿದಷ್ಟೂ ಟೈರು ಉಬ್ಬಿಕೊಳ್ಳುವ, ರಿಮ್ ಬಾಗುವ ಇಲ್ಲವೇ ಬಿರುಕು ಬಿಡುವ ಸಂಭವ ಹೆಚ್ಚು. ನಿತ್ಯ ಹಳ್ಳಿ ರಸ್ತೆಯಲ್ಲಿ ಓಡುವ ಕಾರಿಗೆ 17 ಇಂಚಿನ ಚಕ್ರವನ್ನು ಬಿಟ್ಟು 15 ಇಂಚಿಗೆ ಮರಳುವುದೇ ಕೆಲವೊಮ್ಮೆ ಜಾಣತನ.

ಚಕ್ರವನ್ನೂ ಪರೀಕ್ಷಿಸಿ

ಹಳೆಯ ಟೈರು ಬಿಚ್ಚಿದಾಗ ಚಕ್ರದ ಮೇಲಿನ ಗುರುತುಗಳನ್ನು ಓದಬೇಕು. 6ಜೆ×15 ಎಂದರೆ ರಿಮ್ಮಿನ ಅಗಲ 6 ಇಂಚು. 185/65 ಆರ್15 ಟೈರಿಗೆ 5ರಿಂದ 6.5 ಇಂಚು, 195/55 ಆರ್16 ಟೈರಿಗೆ 5.5ರಿಂದ 7 ಇಂಚು ಅಗಲದ ರಿಮ್ ಸಲ್ಲುತ್ತದೆ. 4×100 ಎಂಬುದು 100 ಮಿ.ಮೀ. ವ್ಯಾಸದ ವೃತ್ತದಲ್ಲಿರುವ ನಾಲ್ಕು ಬೋಲ್ಟುಗಳನ್ನು ತಿಳಿಸುತ್ತದೆ. 'ಇಟಿ' ಸಂಖ್ಯೆ ಮೂಲ ಚಕ್ರದ್ದಕ್ಕಿಂತ ಬಹಳ ಕಡಿಮೆಯಿದ್ದರೆ ಚಕ್ರ ಹೊರಚಾಚಿ ಬೇರಿಂಗಿಗೆ ಹೊರೆಯಾಗುತ್ತದೆ. ಚಕ್ರದ ನಡುವಿನ ರಂಧ್ರ ಕಾರಿನ ಹಬ್‌ಗಿಂತ ದೊಡ್ಡದಿದ್ದರೆ ಅಂತರ ತುಂಬುವ ಉಂಗುರ ಬೇಕು. ಇಲ್ಲದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೀರಿಂಗ್ ನಡುಗಬಹುದು. ಬಿರುಕು ಬಿಟ್ಟ ಅಲಾಯ್ ಚಕ್ರವನ್ನು ವೆಲ್ಡ್ ಮಾಡಿಸಿ ಬಳಸುವುದು ಅಪಾಯಕಾರಿ.

ಕಾನೂನು ಏನೆನ್ನುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗಾಡಿಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಕೂಡದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹೀಗಾಗಿ ಅದೇ ಕಾರಿನ ಬೇರೆ ಮಾದರಿಗೆ ಕಂಪನಿಯೇ ಕೊಡುವ ಅಳತೆಗೆ ಹತ್ತಿರವಿರುವುದು ಕ್ಷೇಮ. ಚಕ್ರ ಬದಲಿಸಿರುವುದನ್ನು ವಿಮಾ ಕಂಪನಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಕೊಳ್ಳುವಾಗ ಗಮನಿಸಬೇಕಾದುದು

* ಐಎಸ್‌ಐ ಗುರುತು ಇರಲಿ. ತಯಾರಿಕೆಯ ನಾಲ್ಕಂಕಿ ನೋಡಿ. 2324 ಎಂದಿದ್ದರೆ 2024ರ 23ನೇ ವಾರದ ಟೈರು.
* ಎರಡೇ ಟೈರು ಬದಲಿಸುವುದಾದರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಮಳೆಯಲ್ಲಿ ಕಾರಿನ ಹಿಂಭಾಗ ಜಾರುವುದನ್ನು ಇದು ತಡೆಯುತ್ತದೆ.
* ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರನ್ನೂ ಮಾಡಿಸಿ. 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿಗೊಳಿಸಿ.
* ಬಾಗಿಲ ಬಳಿಯ ಚೀಟಿಯಲ್ಲಿರುವ ಗಾಳಿಯ ಒತ್ತಡ ಮೂಲ ಅಳತೆಗೆ ಮಾತ್ರ. ಹೊಸ ಅಳತೆಯ ಒತ್ತಡವನ್ನು ಟೈರು ಕಂಪನಿಯ ಪಟ್ಟಿಯಿಂದ ಕೇಳಿ ತಿಳಿಯಿರಿ.
* ಸ್ಟೆಪ್ನಿ ಹಳೆಯ ಅಳತೆಯದೇ ಆಗಿದ್ದರೆ ಅದರ ನಟ್‌ಗಳನ್ನು ಡಿಕ್ಕಿಯಲ್ಲಿಡಿ. ಅಲಾಯ್ ಚಕ್ರದ ನಟ್ ಉಕ್ಕಿನ ಚಕ್ರಕ್ಕೆ ಹೊಂದದಿರಬಹುದು. ಪಂಕ್ಚರ್ ಅಂಗಡಿಯವರೆಗೆ ಮಾತ್ರ ಅದನ್ನು ನಿಧಾನವಾಗಿ ಓಡಿಸಿ.