ವಾತರಕ್ತ, ಆಮವಾತ: ರೋಗನಾಮಗಳ ಚರಿತ್ರೆಯಲ್ಲೊಂದು ವಿಚಾರ

1977ನೆಯ ಇಸವಿಯಲ್ಲಿ ಸ್ಟರಾಕ್, ಶರ್ಮಾ, ಬುಕ್ಯಾನನ್ ಎಂಬ ಮೂವರು ಸಂಶೋಧಕರು ಒಂದು ಕಿರುಲೇಖನವನ್ನು ಪ್ರಕಟಿಸಿ, ರುಮಟಾಯ್ಡ್ ಸಂಧಿವಾತವು ಪ್ರಾಚೀನ ಭಾರತದಲ್ಲಿ ಇದ್ದಿತೆಂಬುದಕ್ಕೆ ಚರಕಸಂಹಿತೆಯನ್ನು ಪ್ರಮಾಣವಾಗಿ ತೋರಿಸಿದರು. ಯೂರೋಪಿನಲ್ಲಿ ಈ ರೋಗದ ಸ್ಪಷ್ಟ ವರ್ಣನೆಯು 1800ರಲ್ಲಿ ಲಾಂದ್ರೆ-ಬೋವೆ ಎಂಬ ಫ್ರೆಂಚ್ ವೈದ್ಯನಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದುದರಿಂದ ರೋಗವು ಪ್ರಾಚೀನವೋ ಅರ್ವಾಚೀನವೋ ಎಂಬ ವಿವಾದದಲ್ಲಿ ನಮ್ಮ ಗ್ರಂಥಗಳ ಸಾಕ್ಷ್ಯಕ್ಕೆ ಬೆಲೆಯುಂಟು. ಆ ಸಾಕ್ಷ್ಯವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದೇ ಇಲ್ಲಿ ವಿಚಾರಣೀಯವಾದುದು.

ಚರಕನು ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯದಲ್ಲಿ ವಾತರಕ್ತವನ್ನು ನಿರೂಪಿಸಿರುವನು. ಅದು ಕೈಕಾಲುಗಳಲ್ಲಿ ಮೊದಲು ಬೇರೂರಿ, ಬೆರಳುಗಳನ್ನೂ ಸಂಧಿಗಳನ್ನೂ ಹಿಡಿದು, ಬಳಿಕ ದೇಹವನ್ನೆಲ್ಲ ವ್ಯಾಪಿಸುವುದು. ಇಷ್ಟನ್ನೇ ಓದಿದರೆ ಮೇಲಣ ಮೂವರ ಮತವು ಸಮಂಜಸವೆಂದೇ ತೋರುವುದು. ಆದರೆ ಅದೇ ಅಧ್ಯಾಯವು ಸುಕುಮಾರರಿಗೂ ಮೃಷ್ಟಾನ್ನವನ್ನುಂಡು ನಡೆದಾಡದೆ ಇರುವವರಿಗೂ ಈ ರೋಗವು ಬರುವುದೆನ್ನುತ್ತದೆ. ‘ಆಢ್ಯವಾತ’ವೆಂಬ ಪರ್ಯಾಯನಾಮವನ್ನೂ ಕೊಡುತ್ತದೆ. ಆಢ್ಯರೆಂದರೆ ಸಿರಿವಂತರಷ್ಟೆ. ಈ ಭಾಗವು ಪಾಶ್ಚಾತ್ಯರು ಗೌಟ್ ಎಂದು ಕರೆಯುವ ಬೇರೊಂದು ರೋಗಕ್ಕೆ ಹೆಚ್ಚು ಹೊಂದುವುದು.

ಇನ್ನು ಆಮವಾತಕ್ಕೆ ಪ್ರತ್ಯೇಕ ಪ್ರಕರಣವನ್ನು ಮೀಸಲಿಟ್ಟವನು ಮಾಧವಕರ. ಕ್ರಿಸ್ತಶಕ ಸುಮಾರು 700ರ ಅವನ ಮಾಧವನಿದಾನದಲ್ಲಿ ಅದು 25ನೆಯದು. ವಿರುದ್ಧಾಹಾರದಿಂದಲೂ ಮಂದಾಗ್ನಿಯಿಂದಲೂ ಹುಟ್ಟಿದ ಆಮವನ್ನು ವಾಯುವು ಕಫಸ್ಥಾನಗಳಿಗೆ ಒಯ್ಯುವುದು. ಜ್ವರ, ಅರುಚಿ, ಮೈಭಾರಗಳುಂಟಾಗುವುವು. ರೋಗವು ಬಲಿತಾಗ ಕೈ, ಕಾಲು, ಹರಡು, ಮೊಳಕಾಲುಗಳ ಸಂಧಿಗಳು ಬಾತು ಚೇಳು ಕುಟುಕಿದಂತೆ ನೋಯುವುವು. ಇದು ರುಮಟಾಯ್ಡ್ ಸಂಧಿವಾತಕ್ಕೂ ಹೊಂದುವುದು, ಮಕ್ಕಳಲ್ಲಿ ಹೃದಯವನ್ನು ಕೆಡಿಸುವ ರುಮ್ಯಾಟಿಕ್ ಜ್ವರಕ್ಕೂ ಹೊಂದುವುದು. ಹೀಗೆ ಚರಕನ ಒಂದು ಹೆಸರಿನಲ್ಲಿ ಎರಡು ರೋಗಗಳ ಛಾಯೆಯಿದೆ. ಮಾಧವನ ಇನ್ನೊಂದು ಹೆಸರಿನಲ್ಲಿಯೂ ಹಾಗೆಯೇ.

ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಸಂಧಿಶೋಥವೆಂಬ ಲಕ್ಷಣಕ್ಕೆ ಅತಿವ್ಯಾಪ್ತಿದೋಷವುಂಟು. ಪಾಶ್ಚಾತ್ಯರೂ ಈ ಲಕ್ಷಣಮಾತ್ರದಿಂದ ರೋಗಗಳನ್ನು ವಿಂಗಡಿಸಲಾರದೆ ಹೋದರು. ಆಲ್ಫ್ರೆಡ್ ಗ್ಯಾರಡ್ಡನು 1848ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಕಂಡ ಮೇಲೆಯೇ ವಿಭಾಗವು ಸ್ಫುಟವಾಯಿತು. ರುಮಟಾಯ್ಡ್ ಎಂಬ ಹೆಸರನ್ನು ಅವನೇ 1859ರಲ್ಲಿ ಪ್ರಚುರಗೊಳಿಸಿದನು. 1940ರಲ್ಲಿ ನಾರ್ವೆಯ ಎರಿಕ್ ವಾಲರನು ಆ ರೋಗಿಗಳ ರಕ್ತದಲ್ಲೊಂದು ವಿಶೇಷ ದ್ರವ್ಯವನ್ನು ಗುರುತಿಸಿದನು. ಪರರಿಂದ ದೇಹವನ್ನು ಕಾಯಬೇಕಾದ ಪ್ರತಿಕಾಯಗಳನ್ನೇ ಎದುರಿಸುವ ಪ್ರತಿಕಾಯವದು. ಕಾವಲುಗಾರನು ಒಡೆಯನ ಮೇಲೆಯೇ ಕೈಯೆತ್ತಿದಂತೆ, ರಕ್ಷಕಶಕ್ತಿಯೇ ಸಂಧಿಗಳನ್ನು ಕೆಡಿಸುವುದೆಂಬ ತತ್ತ್ವಕ್ಕೆ ಇದರಿಂದ ಬಲ ಬಂದಿತು. ಈ ಪ್ರತಿಕಾಯವೂ ಕೆಲವು ರೋಗಿಗಳಲ್ಲಿ ಇರದು, ಕೆಲವು ನಿರೋಗಿಗಳಲ್ಲಿ ಇರುವುದು. ಅವ್ಯಾಪ್ತಿ, ಅತಿವ್ಯಾಪ್ತಿಗಳು ಅಲ್ಲಿಯೂ ತಪ್ಪಲಿಲ್ಲ.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. 2006ರಲ್ಲಿ ಚಿಕುನ್‌ಗುನ್ಯಾ ಜ್ವರವು ಕರ್ನಾಟಕವನ್ನು ವ್ಯಾಪಿಸಿ, ಸರಕಾರದ ಲೆಕ್ಕದಂತೆ ಏಳು ಲಕ್ಷಕ್ಕೂ ಮಿಕ್ಕಿ ಶಂಕಿತ ರೋಗಿಗಳಾದರು. ದೋರನಹಳ್ಳಿ, ಶಹಾಪುರ, ಸುರಪುರಗಳು ಆಗ ಸೇರಿದ್ದ ಗುಲ್ಬರ್ಗಾ ಜಿಲ್ಲೆಯಲ್ಲಿ ಅದರ ಹಾವಳಿ ಬಲವಾಗಿತ್ತು. ಈ ರೋಗದಲ್ಲಿ ಜ್ವರವಿಳಿದ ಮೇಲೆಯೂ ಕೈಕಾಲುಗಳ ಕೀಲುಗಳು ತಿಂಗಳುಗಟ್ಟಲೆ ಬಾತು ನೋಯುವುದುಂಟು. ಜ್ವರ, ಅರುಚಿ, ಸಂಧಿಶೋಥ, ಚೇಳು ಕುಟುಕಿದಂತಹ ವೇದನೆ ಎಲ್ಲವೂ ಮಾಧವನ ಲಕ್ಷಣಗಳೇ. ಆದರೆ ಕಾರಣವು ಸೊಳ್ಳೆಯು ತಂದ ವಿಷಾಣು. ಅದನ್ನು ವೈದ್ಯರು ಮೊದಲು ಗುರುತಿಸಿದ್ದು 1952ರಲ್ಲಿ, ಆಫ್ರಿಕದ ಟಾಂಗಾನಿಕದಲ್ಲಿ. ಪುಸ್ತಕವನ್ನು ಮಾತ್ರ ನಂಬಿದ ಪಂಡಿತನು ಅಂದು ಆ ರೋಗಿಗಳನ್ನು ಕಂಡಿದ್ದರೆ ಆಮವಾತವೆಂದೇ ನಿರ್ಣಯಿಸುತ್ತಿದ್ದನು.

ಕನ್ನಡ ಗ್ರಂಥಸಂಪಾದಕರಿಗೂ ಅಧ್ಯಾಪಕರಿಗೂ ಇದರಿಂದ ಒಂದು ಕರ್ತವ್ಯವು ಸಿದ್ಧಿಸುವುದು. ಚಾಳುಕ್ಯ ವಂಶದ ಕೀರ್ತಿವರ್ಮನ ಗೋವೈದ್ಯ, ಸುಮಾರು 1150ರ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಮೊದಲಾದುವು ನಮ್ಮ ವೈದ್ಯಸಾಹಿತ್ಯದ ಭೂಷಣಗಳು. ಇಂತಹ ಗ್ರಂಥಗಳಿಗೆ ಅರ್ಥಕೋಶವನ್ನು ರಚಿಸುವಾಗ ರೋಗನಾಮದ ಎದುರಿಗೆ ಇಂದಿನ ಒಂದು ಹೆಸರನ್ನು ಬರೆದುಬಿಡುವುದು ಸುಲಭ. ಆದರೆ ಅದರಿಂದ ಗ್ರಂಥಕರ್ತನ ಅಭಿಪ್ರಾಯವು ಮರೆಯಾಗುವುದು, ಓದುಗನಿಗೆ ಇಲ್ಲದ ನಿಶ್ಚಯವು ಹುಟ್ಟುವುದು. ಪ್ರಾಚೀನ ನಾಮವನ್ನು ಹಾಗೆಯೇ ಉಳಿಸಿ, ಗ್ರಂಥೋಕ್ತ ನಿದಾನಲಕ್ಷಣಗಳನ್ನು ಬರೆದು, ಹೋಲುವ ರೋಗಗಳನ್ನು ಹೋಲಿಕೆಯೆಂದೇ ಸೂಚಿಸುವುದು ಯುಕ್ತ.

ಹಾಗೆಂದ ಮಾತ್ರಕ್ಕೆ 1977ರ ಲೇಖನವು ವ್ಯರ್ಥವಲ್ಲ. ಕೈಕಾಲುಗಳ ಕಿರುಸಂಧಿಗಳಿಂದ ತೊಡಗಿ ಮೈಯೆಲ್ಲ ಹಬ್ಬುವ ರೋಗವನ್ನು ನಮ್ಮ ಪೂರ್ವಿಕರು ಕಣ್ಣಾರೆ ಕಂಡಿದ್ದರೆಂಬಷ್ಟು ಅದರಿಂದ ಸಿದ್ಧವಾಗುವುದು. ಅದು ಇಂದಿನ ಇಂತಹುದೇ ರೋಗವೆಂಬುದು ಮಾತ್ರ ಸಿದ್ಧವಾಗದು. ಈ ವಿವೇಕಕ್ಕೂ ಚರಕನೇ ಆಧಾರ. ರೋಗದ ಹೆಸರನ್ನು ಹೇಳಲಾರದ ವೈದ್ಯನು ನಾಚಬೇಕಾದುದಿಲ್ಲ, ಎಲ್ಲ ವಿಕಾರಗಳಿಗೂ ನಿಯತವಾದ ನಾಮವಿರುವುದಿಲ್ಲ ಎಂದು ಸೂತ್ರಸ್ಥಾನದ 18ನೆಯ ಅಧ್ಯಾಯದಲ್ಲಿ ಅವನು ಅಪ್ಪಣೆ ಕೊಡಿಸಿರುವನು. ವೈದ್ಯನಿಗೆ ಹೇಳಿದ ಈ ಮಾತು ಚರಿತ್ರಕಾರನಿಗೂ ಸಲ್ಲುವುದು.