ಕೊಡ ಹೊತ್ತವರ ಹಾದಿ: ಕಲ್ಲುಕಂಬದ ಮಂಜಮ್ಮ ಜೋಗತಿ

ವಚನಕಾರರಲ್ಲಿ ಆದ್ಯರೆನಿಸಿದ ಮುದನೂರಿನ ಜೇಡರ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ಮಗ್ಗದ ಮುಂದೆ ಕುಳಿತು ಹಾಸುಹೊಕ್ಕುಗಳನ್ನು ಬಲ್ಲವರಾದ್ದರಿಂದಲೋ ಏನೋ, ಒಂದು ಬಟ್ಟೆಯಲ್ಲಿ ಯಾವ ಎಳೆ ಎಲ್ಲಿ ಮುಗಿದು ಯಾವುದು ಎಲ್ಲಿ ಮೊದಲಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ಮನುಷ್ಯದೇಹದ ಬಗೆಗೂ ಕೇಳಿದರು. ಲೋಕವು ಹೊರಗಿನ ಕೆಲವು ಗುರುತುಗಳನ್ನು ನೋಡಿ ಒಬ್ಬರನ್ನು ಹೆಣ್ಣೆಂದೂ ಮತ್ತೊಬ್ಬರನ್ನು ಗಂಡೆಂದೂ ಕರೆಯುತ್ತದೆ. ಒಳಗಿರುವ ಆತ್ಮಕ್ಕೆ ಆ ಎರಡು ಹೆಸರುಗಳೂ ಸಲ್ಲವು ಎಂಬುದು ಅವರ ಪ್ರಸಿದ್ಧ ವಚನದ ಅಭಿಪ್ರಾಯ. ಉಪನ್ಯಾಸಗಳಲ್ಲಿ, ಶಾಲೆಯ ಪಾಠಗಳಲ್ಲಿ, ಶರಣಸಂಗಮದ ವೇದಿಕೆಗಳಲ್ಲಿ ಈ ವಚನವನ್ನು ಕೇಳದ ಕನ್ನಡಿಗರು ವಿರಳ. ಕೇಳಿ ತಲೆದೂಗಿದವರ ಮನೆಯಲ್ಲಿಯೇ ಅಂತಹ ಒಂದು ಮಗು ಹುಟ್ಟಿದಾಗ ಏನಾಗುತ್ತದೆ ಎಂಬುದು ಬೇರೆಯ ಮಾತು.

ಆ ಬೇರೆಯ ಮಾತನ್ನು ಹೇಳುವ ಒಂದು ಆತ್ಮಕಥನ ಕನ್ನಡದಲ್ಲಿದೆ. ಅದರ ಹೆಸರು ‘ನಡುವೆ ಸುಳಿವ ಹೆಣ್ಣು’. ಡಾ. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಈ ಕೃತಿಯ ಶೀರ್ಷಿಕೆಯೇ ದಾಸಿಮಯ್ಯನವರನ್ನು ನೆನಪಿಗೆ ತರುತ್ತದೆ. ಬದುಕು ಮಾತ್ರ ಬಳ್ಳಾರಿ ಸೀಮೆಯದು. ಪದ್ಮಶ್ರೀ ಮಂಜಮ್ಮ ಜೋಗತಿಯವರದು.

ಕುರುಗೋಡು ಪುರಾತನವಾದ ಊರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಮನೆತನದವರು ಇಲ್ಲಿಂದ ಆಳಿದರು. ದೊಡ್ಡಬಸವೇಶ್ವರನ ಬೃಹತ್ ನಂದಿ ಇಂದಿಗೂ ಸುತ್ತಣ ಹಳ್ಳಿಗಳ ಭಕ್ತರನ್ನು ಸೆಳೆಯುತ್ತದೆ. ಬಹುಕಾಲ ಬಳ್ಳಾರಿ ತಾಲ್ಲೂಕಿನಲ್ಲಿದ್ದು ಈಚೆಗೆ ತಾನೇ ತಾಲ್ಲೂಕಾದ ಈ ಸೀಮೆಯ ಒಂದು ಹಳ್ಳಿ ಕಲ್ಲುಕಂಬ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಕುರುಗೋಡು, ಸಿರುಗುಪ್ಪಗಳ ಕಪ್ಪುನೆಲದ ಬಹುಭಾಗ ಭತ್ತದ ಗದ್ದೆಯಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಬೇರ್ಪಟ್ಟು ಮೈಸೂರು ಸಂಸ್ಥಾನವನ್ನು ಸೇರಿತು. ನೆಲವೂ ಆಡಳಿತವೂ ಹೀಗೆ ಬದಲಾಗುತ್ತಿದ್ದ ಕಾಲಕ್ಕೆ ಸೇರಿದ ಶೆಟ್ಟರ ಮನೆಯೊಂದರಲ್ಲಿ ಹುಟ್ಟಿದ ಮಗುವಿಗೆ ಮಂಜುನಾಥ ಎಂದು ಹೆಸರಿಟ್ಟರು.

ಬಾಲ್ಯ ಕಳೆಯುವ ಹೊತ್ತಿಗೆ ಮಗುವಿನ ನಡೆನುಡಿಗಳು ಹೆಣ್ಣಿನಂತೆ ತೋರತೊಡಗಿದವು. ಹುಡುಗಿಯರ ಜೊತೆಗೆ ಆಟ, ಟವೆಲನ್ನು ಲಂಗದಂತೆ ಸುತ್ತಿಕೊಳ್ಳುವುದು, ನೃತ್ಯದ ಕಡೆಗೆ ಒಲವು. ಮನೆಯವರು ಮೊದಲು ಹೊಡೆದರು, ಆಮೇಲೆ ದೇವರನ್ನು ಕೇಳಿದರು. ಕಡೆಗೆ 1975ರಲ್ಲಿ, ಹೊಸಪೇಟೆಯ ಆಚೆ ತುಂಗಭದ್ರೆಯ ಎಡದಂಡೆಯಲ್ಲಿರುವ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಜೋಗಪ್ಪನ ದೀಕ್ಷೆ ಕೊಡಿಸಿದರು. ಸೊಂಟದ ಉಡಿದಾರವನ್ನು ಕತ್ತರಿಸಿ, ಮುತ್ತು ಕಟ್ಟಿ, ಸೀರೆ ಬಳೆಗಳ ಲೋಕಕ್ಕೆ ದಾಟಿಸುವ ಆಚರಣೆ ಅದು. ಮಗನನ್ನು ಕಳೆದುಕೊಂಡೆನೆಂದು ತಾಯಿ ಅಂದು ಗೋಳಾಡಿದ್ದನ್ನು ಮಂಜಮ್ಮನವರು ಮುಂದೆ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಹೆಸರು ಬದಲಾಯಿತು, ಉಡುಗೆ ಬದಲಾಯಿತು. ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ಜೋಗಪ್ಪ, ಜೋಗತಿ ಎಂಬ ಪದಗಳು ಉತ್ತರ ಕರ್ನಾಟಕದಲ್ಲಿ ಎಷ್ಟು ಪರಿಚಿತವೋ ಅಷ್ಟೇ ತಪ್ಪು ತಿಳಿವಳಿಕೆಗೂ ಈಡಾದವು. ಸವದತ್ತಿಯ ಯಲ್ಲಮ್ಮನಿಗೋ, ಹುಲಿಗೆಮ್ಮನಿಗೋ, ಉಚ್ಚಂಗಿ ದುರ್ಗದ ಉಚ್ಚಂಗೆಮ್ಮನಿಗೋ ಹರಕೆಯಾಗಿ ಬಿಟ್ಟವರು ಇವರು. ದೇವಿಯ ಮೊಗವಿಟ್ಟ ಕೊಡವನ್ನು ಬೇವಿನ ಸೊಪ್ಪು, ನವಿಲುಗರಿಗಳಿಂದ ಅಲಂಕರಿಸಿ ತಲೆಯ ಮೇಲೆ ಹೊತ್ತು, ಮಂಗಳವಾರ ಶುಕ್ರವಾರಗಳಲ್ಲಿ ಮನೆಮನೆಗೆ ಹೋಗಿ ಜೋಗ ಬೇಡುವುದು ವಾಡಿಕೆ. ಹೆಣ್ಣುಮಕ್ಕಳನ್ನು ಹೀಗೆ ಬಿಡುವ ಪದ್ಧತಿಯಲ್ಲಿದ್ದ ಶೋಷಣೆಯನ್ನು ಕಂಡು ಮದರಾಸು ಸರ್ಕಾರ 1947ರಲ್ಲಿಯೂ ಕರ್ನಾಟಕ ಸರ್ಕಾರ 1982ರಲ್ಲಿಯೂ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನಗಳನ್ನು ತಂದವು. ಅವು ಅವಶ್ಯವಾಗಿಯೇ ಇದ್ದವು. ಆದರೆ ಗಂಡೆಂದು ಹುಟ್ಟಿ ಹೆಣ್ಣಾಗಿ ಬಾಳುವ ಜೀವಕ್ಕೆ ಈ ನಾಡಿನ ಹಳ್ಳಿಗಳು ಕೊಟ್ಟ ಹೆಸರಿರುವ ಸ್ಥಾನ ಬಹುಮಟ್ಟಿಗೆ ಇದೊಂದೇ ಆಗಿತ್ತು ಎಂಬುದನ್ನೂ ಮರೆಯಲಾಗದು. ಪೂಜ್ಯವೆಂದು ಕೈಮುಗಿಯುವರು, ಪಂಕ್ತಿಯಲ್ಲಿ ಕೂರಿಸರು.

ಮುಂದಿನ ಕೆಲವು ವರ್ಷಗಳು ಘೋರವಾದವು. ಬದುಕು ಸಾಕೆನಿಸಿ ವಿಷ ಸೇವಿಸಿ ಉಳಿದುಕೊಂಡುದು, ಮನೆ ತೊರೆದು ಸೀರೆಯುಟ್ಟು ಬೀದಿಯಲ್ಲಿ ಭಿಕ್ಷೆ ಬೇಡಿದುದು, ಒಂದು ದಿನ ಆರು ಜನರ ಗುಂಪು ಇದ್ದ ಹಣವನ್ನು ಕಸಿದು ಅತ್ಯಾಚಾರವೆಸಗಿದುದು, ಇವೆಲ್ಲವನ್ನೂ ಅವರು ಮರೆಮಾಚದೆ ಲೋಕಕ್ಕೆ ಹೇಳಿದ್ದಾರೆ. ಇಲ್ಲಿ ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಸೂಳೆ ಸಂಕವ್ವೆಯವರ ಅಂಕಿತ ‘ನಿರ್ಲಜ್ಜೇಶ್ವರ’ ಎಂಬುದು ಈ ಸಂದರ್ಭದಲ್ಲಿ ನೆನಪಾಗುವುದು ಸಹಜ. ಲಜ್ಜೆ ಪಡಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಆಕೆ ತನ್ನ ದೇವರ ಹೆಸರಿನಲ್ಲಿಯೇ ಇಟ್ಟಿದ್ದಾರೆ.

ಮತ್ತೊಮ್ಮೆ ಸಾಯುವ ಯೋಚನೆಯಲ್ಲಿದ್ದಾಗ, ದಾವಣಗೆರೆಯ ಬಸ್ ನಿಲ್ದಾಣದ ಬಳಿ ತಂದೆ ಮಗ ಇಬ್ಬರು ಕಣ್ಣಿಗೆ ಬಿದ್ದರು. ತಂದೆ ಹಾಡುತ್ತಿದ್ದಾನೆ, ಮಗ ತಲೆಯ ಮೇಲೆ ಕೊಡವಿಟ್ಟುಕೊಂಡು, ಕೈಯಾಸರೆಯಿಲ್ಲದೆ, ಕುಣಿಯುತ್ತಿದ್ದಾನೆ. ಅದು ಜೋಗತಿ ನೃತ್ಯ. ಮಂಜಮ್ಮನವರು ನಿಂತು ನೋಡಿದರು, ಅನಂತರ ಕಲಿಸಿರೆಂದು ಕೇಳಿದರು. ಅವರ ಗುಡಿಸಲಿಗೆ ದಿನವೂ ಹೋಗಿ ಕಲಿತರು. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆಯುವವರು ಮತ್ತೊಬ್ಬ ಬಡಪಾಯಿಗೆ ತಮ್ಮ ಅನ್ನದ ವಿದ್ಯೆಯನ್ನೇ ಕಲಿಸಿದರೆಂಬುದನ್ನು ಓದುಗರು ತುಸು ನಿಂತು ಯೋಚಿಸಬೇಕು. ಇನ್ನೊಬ್ಬರು ಕಲಿತರೆ ತಮ್ಮ ಪಾಲಿನ ಕಾಸು ಹಂಚಿಹೋಗುತ್ತದೆಂದು ಅವರು ಲೆಕ್ಕ ಹಾಕಲಿಲ್ಲ. ದಾಸೋಹವೆಂಬ ಶಬ್ದವನ್ನು ಅವರು ಬಳಸಿರಲಾರರು.

ನೃತ್ಯವು ನೋಡುವುದಕ್ಕೆ ಸರಳ, ಕಲಿಯುವುದಕ್ಕೆ ಕಠಿಣ. ಕಾಲು ಎಷ್ಟೇ ವೇಗವಾಗಿ ಓಡಲಿ, ಕತ್ತು ಕದಲಬಾರದು. ಸೊಂಟ ತಿರುಗಬಹುದು, ತಲೆಯ ಸಮತೂಕ ತಪ್ಪಬಾರದು. ಚೌಡಿಕೆಯ ಒಂದೇ ತಂತಿ ಎಳೆದಂತೆಲ್ಲ ಸ್ವರ ಏರಿಳಿಯುತ್ತದೆ, ಹೆಜ್ಜೆಯೂ ಅದರೊಡನೆ ಏರಿಳಿಯಬೇಕು. ಜೋಗತಿಯರು ಹಾಡುವ ಕಥೆಯೂ ಕೊಡದ ಕಥೆಯೇ. ಜಮದಗ್ನಿಯ ಮಡದಿ ರೇಣುಕೆ ನದಿಯ ಮರಳಿನಿಂದ ಕೊಡ ಮಾಡಿ, ಹಾವನ್ನೇ ಸಿಂಬೆಯಾಗಿಸಿ ನೀರು ತರುತ್ತಿದ್ದಳು. ಒಂದು ದಿನ ಚಿತ್ತ ಚಂಚಲವಾಗಿ ಮರಳು ಕೊಡವಾಗಲಿಲ್ಲ. ಗಂಡನ ಶಾಪದಿಂದ ಮೈಯೆಲ್ಲ ರೋಗವಾಗಿ ಮನೆಯಿಂದ ಹೊರಬಿದ್ದವಳನ್ನು ಕಾಡಿನಲ್ಲಿ ಏಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧಕರು ಉಪಚರಿಸಿ ಉಳಿಸಿದರು. ಮನೆಯಿಂದ ಹೊರಹಾಕಲ್ಪಟ್ಟು ದಾರಿಯಲ್ಲಿ ಇಬ್ಬರಿಂದ ಉಳಿದ ಜೀವವೊಂದು ಇದೇ ಕಥೆಯನ್ನು ಕಲಿತು ಹಾಡತೊಡಗಿತು ಎಂಬುದು ಯಾರೂ ಹೊಂದಿಸಿಟ್ಟದ್ದಲ್ಲ.

ಆಮೇಲೆ ಮಟ್ಟಿಕಲ್ಲು ಬಸಪ್ಪ ಎಂಬ ಜೋಗಪ್ಪನವರ ಮೂಲಕ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯವರ ಪರಿಚಯವಾಯಿತು. ಕಾಳವ್ವ ಆ ಹೊತ್ತಿಗಾಗಲೇ ಹೆಸರಾದ ಹಿರಿಯ ಕಲಾವಿದೆ, ಒಂದು ಮೇಳವನ್ನೇ ಕಟ್ಟಿದವರು. ಕುಣಿದು ತೋರಿಸೆಂದು ಕೇಳಿ, ನೋಡಿ, ಮೇಳಕ್ಕೆ ಸೇರಿಸಿಕೊಂಡರು. ಸಣ್ಣ ಪಾತ್ರಗಳಿಂದ ಆರಂಭವಾಗಿ ಮುಖ್ಯ ಪಾತ್ರಗಳವರೆಗೆ, ಹಳ್ಳಿಯ ಜಾತ್ರೆಗಳಿಂದ ನಗರದ ರಂಗಮಂದಿರಗಳವರೆಗೆ ಆ ಕಲಿಕೆ ಸಾಗಿತು. ಕಾಳವ್ವನವರ ನಿಧನಾನಂತರ ಮೇಳದ ಹೊಣೆ ಮಂಜಮ್ಮನವರ ಹೆಗಲಿಗೆ ಬಂತು. ಅವರು ನೆಲೆನಿಂತುದು ಮರಿಯಮ್ಮನಹಳ್ಳಿಯಲ್ಲಿ, ರಂಗಕಲಾವಿದೆಯರ ಊರೆಂದೇ ಪ್ರಸಿದ್ಧವಾದ ಗ್ರಾಮದಲ್ಲಿ. ಆ ಗ್ರಾಮವೂ ಹಗರಿಬೊಮ್ಮನಹಳ್ಳಿಯೂ ಅಂದು ಬಳ್ಳಾರಿ ಜಿಲ್ಲೆಯಲ್ಲಿದ್ದವು. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ.

ಬಳ್ಳಾರಿಯ ನೆಲ ಇಂತಹವರಿಗೆ ಹೊಸದಲ್ಲ. ವಕೀಲಿಯ ಜೊತೆಗೆ ನಟನೆಯನ್ನು ಸಾಧಿಸಿದ ಬಳ್ಳಾರಿ ರಾಘವ, ಜೋಳದರಾಶಿ ದೊಡ್ಡನಗೌಡ, ಸುಭದ್ರಮ್ಮ ಮನ್ಸೂರು, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ, ಅಕ್ಷರವರಿಯದೆಯೂ ದೀರ್ಘ ಕಾವ್ಯಗಳನ್ನು ನಾಲಗೆಯ ಮೇಲೆ ಹೊತ್ತಿದ್ದ ಬುರ್ರಕಥೆಯ ದರೋಜಿ ಈರಮ್ಮ, ಇವರೆಲ್ಲ ಈ ಜಿಲ್ಲೆಗೆ ಸಂದವರು. ಆದರೂ ಇವರಾರಿಗೂ ವೇದಿಕೆಯನ್ನೇರುವ ಮೊದಲು ತಾನು ಮನುಷ್ಯನೆಂದು ಸಾಬೀತು ಮಾಡಬೇಕಾದ ಸ್ಥಿತಿ ಮಂಜಮ್ಮನವರಷ್ಟು ಬರಲಿಲ್ಲ.

ಕರ್ನಾಟಕ ಜಾನಪದ ಅಕಾಡೆಮಿಯು 2006ರಲ್ಲಿ ಅವರಿಗೆ ಪ್ರಶಸ್ತಿ ನೀಡಿತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಅದೇ ಜಾನಪದ ಅಕಾಡೆಮಿಗೆ ಅವರು ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದಿಂದ ಆ ಪೀಠವನ್ನೇರಿದವರಲ್ಲಿ ಅವರೇ ಮೊದಲಿಗರು. 2021ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಯಿತು. ತಮಿಳುನಾಡಿನ ಭರತನಾಟ್ಯ ಕಲಾವಿದೆ ನರ್ತಕಿ ನಟರಾಜ್ ಅವರಿಗೆ 2019ರಲ್ಲಿ ಸಂದಿದ್ದ ಈ ಗೌರವ ಇಲ್ಲಿ ಜೋಗ ಬೇಡಿದ ಕೈಗೆ ಬಂತು.

ಇಂತಹ ಜೀವನಗಳನ್ನು ಹೇಳುವಾಗ ಒಂದು ಸುಲಭದ ರೂಢಿಯುಂಟು. ಕಷ್ಟವನ್ನು ಮೊದಲಿಗೂ ಪ್ರಶಸ್ತಿಯನ್ನು ಕೊನೆಗೂ ಇಟ್ಟು, ಕಷ್ಟವೇ ಯಶಸ್ಸನ್ನು ತಂದಿತೆಂದು ಮುಗಿಸುವುದು. ಹಾಗೆ ಹೇಳಿದರೆ ಹೊರಹಾಕಿದವರೂ ದೋಚಿದವರೂ ಗುರುಗಳ ಸಾಲಿನಲ್ಲಿ ಕುಳಿತುಬಿಡುತ್ತಾರೆ. ಹಸಿವು ಯಾರಿಗೂ ಕೊಡ ಹೊರುವುದನ್ನು ಕಲಿಸಲಿಲ್ಲ. ಕಲಿಸಿದವರು ದಾವಣಗೆರೆಯ ಆ ತಂದೆ ಮಗ, ಬಸಪ್ಪ, ಕಾಳವ್ವ. ಕಷ್ಟವು ಮಾಡಿದ್ದೇನೆಂದರೆ ಕಲಿತದ್ದನ್ನು ಕೈಬಿಡದ ಹಟವನ್ನು ಉಳಿಸಿದ್ದು, ಅಷ್ಟೇ. ಅದೇ ಹಾದಿಯಲ್ಲಿ ಹೊರಟು ಅಂತಹ ಗುರುಗಳು ಸಿಕ್ಕದೆ ಕಣ್ಮರೆಯಾದ ಜೀವಗಳ ಆತ್ಮಕಥನಗಳನ್ನು ಯಾರೂ ಬರೆದಿಲ್ಲ.

ಇನ್ನೊಂದು ಸಂದೇಹವನ್ನೂ ಇಲ್ಲಿ ಬದಿಗಿಡಲಾಗದು. ಭಯದಿಂದ ಪೂಜೆಗೊಳ್ಳುವ ದೈವಗಳನ್ನು ಶರಣರು ಕಟುವಾಗಿ ಟೀಕಿಸಿದರು. ಹಾಗಿರುವಾಗ ದೇವಿಯ ಕೊಡ ಹೊತ್ತವರ ಕಥೆಯನ್ನು ವಚನಗಳ ಬೆಳಕಿನಲ್ಲಿ ನೋಡುವುದು ಹೇಗೆ? ಉತ್ತರ ಶರಣರ ಸಾಲಿನಲ್ಲಿಯೇ ಇದೆ. ಢಕ್ಕೆಯ ಬೊಮ್ಮಣ್ಣನವರು ಢಕ್ಕೆ ಬಾರಿಸಿ ಬದುಕಿದವರು. ಬಹುರೂಪಿ ಚೌಡಯ್ಯನವರು ವೇಷ ಹಾಕಿ ಆಡಿದವರು. ವಾದ್ಯವನ್ನು ಬಿಟ್ಟು ಬಾ, ವೇಷವನ್ನು ಕಳಚಿ ಬಾ ಎಂದು ಅವರನ್ನು ಹೊಸ್ತಿಲಲ್ಲಿ ನಿಲ್ಲಿಸಲಿಲ್ಲ. ಆಚರಣೆಯ ವಿಮರ್ಶೆ ಬೇರೆ, ಮನುಷ್ಯರ ಸ್ವೀಕಾರ ಬೇರೆ. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಬಂಡಿಗಳಲ್ಲಿ ಲಿಂಗವಂತರ ಮನೆಯ ಬಂಡಿಗಳೂ ಉಂಟೆಂಬುದನ್ನು ಬಲ್ಲವರು ಈ ವಿಷಯದಲ್ಲಿ ಬಿರುಸಾಗಿ ಮಾತನಾಡುವ ಮುನ್ನ ಯೋಚಿಸುತ್ತಾರೆ.

ಕಾನೂನು ತಡವಾಗಿ ಬಂತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ನೇಮಕಾತಿಗಳಲ್ಲಿ ಈ ಸಮುದಾಯಕ್ಕೆ ಶೇಕಡಾ 1ರಷ್ಟು ಮೀಸಲಾತಿ ಕಲ್ಪಿಸಿತು. ಹುಲಿಗಿಯ ದೀಕ್ಷೆ ನಡೆದು ಆ ವೇಳೆಗೆ 46 ವರ್ಷಗಳಾಗಿದ್ದವು.

2021ರ ನವೆಂಬರ್ ತಿಂಗಳಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿಗಳ ಪ್ರದಾನವಾಯಿತು. ಅದೇ ದಿನಗಳಲ್ಲಿ ಅಂಕೋಲೆಯ ತುಳಸಿ ಗೌಡರೂ ಹರೇಕಳದ ಹಾಜಬ್ಬನವರೂ ಅದೇ ಸಭಾಂಗಣದಲ್ಲಿ ಪ್ರಶಸ್ತಿ ಪಡೆದರು. ಕನ್ನಡ ನಾಡಿನ ಮಟ್ಟಿಗೆ ಅದೊಂದು ಅಪರೂಪದ ವಾರ. ಮಂಜಮ್ಮನವರು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರಿಗೆ ಬಂದು, ಪ್ರಶಸ್ತಿಗೆ ಕೈಚಾಚುವ ಮೊದಲು, ಸೀರೆಯ ಸೆರಗಿನಿಂದ ಅವರ ದೃಷ್ಟಿ ತೆಗೆದರು. ಸಭೆ ಒಂದು ಕ್ಷಣ ಬೆರಗಾಗಿ ಅನಂತರ ಚಪ್ಪಾಳೆ ತಟ್ಟಿತು. ಸಿರುಗುಪ್ಪ, ಕುರುಗೋಡಿನ ಕಡೆಯವರಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ. ಮೊರದಲ್ಲಿ ಜೋಳವನ್ನೋ ಅಕ್ಕಿಯನ್ನೋ ನೀಡಲು ಬಾಗಿಲಿಗೆ ಬಂದವರಿಗೆ ಜೋಗತಿಯು ಮೊದಲು ಹರಸಿಯೇ ಆಮೇಲೆ ಜೋಳಿಗೆ ಒಡ್ಡುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ.